ಪುಕ್ಕಟೆ ಚಾರ್ಜಿಂಗ್: ಬಿಲ್ಲು ಯಾರ ಹೆಸರಿಗೆ?

ಬೇವೂರಿನಿಂದ ಮತ್ತೆ ನಾನು.

ಕಳೆದ ಸಲ ಎಲೆಕ್ಟ್ರಿಕ್ ಕಾರಿನ ಖರ್ಚಿನ ಬಗ್ಗೆ ಮಾತಾಡಿದ್ದೆ. ಆಮೇಲೆ ಬಂದ ವಾಯ್ಸ್ ಮೆಸೇಜುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೇಳಿದ್ದು ಒಂದೇ ಪ್ರಶ್ನೆ. "ಅಣ್ಣಾ, ದೂರದ ಊರಿಗೆ ಹೋದಾಗ ಪುಕ್ಕಟೆ ಚಾರ್ಜ್ ಎಲ್ಲೆಲ್ಲಿ ಸಿಗ್ತದ? ಒಂದು ಪಟ್ಟಿ ಮಾಡಿ ಕೊಡು."

ಪಟ್ಟಿ ಕೊಡೋದಿಲ್ಲ. ಒಂದು ಸಲ ಕೊಟ್ಟು ಕೆಟ್ಟಿದ್ದೇನೆ, ಆ ಕಥೆ ಇವತ್ತು ಹೇಳ್ತೇನೆ. ಆದರೆ ಪುಕ್ಕಟೆ ಜಾಗ ಹುಡುಕೋದು ಹೇಗೆ, ಅಲ್ಲಿ ಏನು ನೋಡಬೇಕು, ಯಾರನ್ನ ಕೇಳಬೇಕು, ಯಾವ ಪ್ಲಗ್ಗಿಗೆ ಕೈ ಹಾಕಲೇಬಾರದು, ಇದೆಲ್ಲಾ ಹೇಳ್ತೇನೆ.

ನಮ್ಮದು ಸೆಕೆಂಡ್ ಹ್ಯಾಂಡ್ ಕಾರು. ಅಣ್ಣ ಮತ್ತು ನಾನು ಸೇರಿ ತಗೊಂಡಿದ್ದು. ಸಣ್ಣ ಗಾಡಿ, 24 ಯೂನಿಟ್ ಬ್ಯಾಟರಿ. ಯೂನಿಟ್ ಅಂದ್ರೆ ಮನೆ ಮೀಟರಿನಲ್ಲಿ ಓಡುವ ಅದೇ ಯೂನಿಟ್, ಕಿಲೋವಾಟ್ ಅವರ್. ಒಂದು ಯೂನಿಟ್ಟಿಗೆ ಏಳರಿಂದ ಎಂಟು ಕಿ.ಮೀ. ಓಡ್ತದೆ. ಬ್ಯಾಟರಿ ಪೂರ್ತಿ ಖಾಲಿ ಮಾಡೋದು ಒಳ್ಳೇದಲ್ಲ ಅಂತ ಶೇ 20ರಿಂದ 90ರ ನಡುವೆ ಓಡಿಸ್ತೇವೆ. ಅಂದ್ರೆ ಒಂದು ಚಾರ್ಜಿಗೆ 17 ಯೂನಿಟ್, ಸುಮಾರು 130 ಕಿ.ಮೀ.

ಇದನ್ನು ನಂಬಿಕೊಂಡು ಹೋದ ವರ್ಷ ಬೆಂಗಳೂರಿಗೆ ಹೊರಟೆ. ಹುನಗುಂದದಲ್ಲಿ ಎನ್‌ಎಚ್ 50 ಹಿಡಿದು ಇಳಕಲ್, ಕುಷ್ಟಗಿ, ಹೊಸಪೇಟೆ ದಾಟಿ ಚಿತ್ರದುರ್ಗ, ಅಲ್ಲಿಂದ ಎನ್‌ಎಚ್ 48. ನಾನೂರು ಕಿ.ಮೀ. ಮೀರಿದ ದಾರಿ. ರಾತ್ರಿ ಹೆದ್ದಾರಿ ಬದಿಯ ಒಂದು ಲಾಡ್ಜಿನಲ್ಲಿ ಉಳಿದೆ. ಊರಿನ ಹೆಸರು, ಲಾಡ್ಜಿನ ಹೆಸರು ಬೇಡ. ಮೋಟರ್ ರೂಮಿನ ಪಕ್ಕದಲ್ಲಿ ಒಂದು ದೊಡ್ಡ ಮೂರು ಪಿನ್ನಿನ ಪವರ್ ಪ್ಲಗ್ ಕಂಡಿತು. ವಾಚ್‌ಮನ್ ಕಾಕಾನ್ನ ಕೇಳಿದೆ, "ಕಾಕಾ, ಕಾರಿಗೆ ಕರೆಂಟ್ ಹಚ್ಚಲೇನು?"

"ಹಚ್ಚಕೋ ತಮ್ಮಾ. ಮುಂಜಾನೆ ಪಂಪ್ ಚಾಲೂ ಮಾಡೂದ್ರಾಗ ತಕ್ಕೋ."

ಬೆಳಿಗ್ಗೆ ಎದ್ದು ನೋಡಿದ್ರೆ ಕಾರು ಫುಲ್. ಐವತ್ತು ರೂಪಾಯಿ ಕೊಡೋಕೆ ಹೋದೆ, ಕಾಕಾ ತಗೊಳ್ಳಲಿಲ್ಲ. ನನಗೆ ಭಾರೀ ಖುಷಿ. ಆ ಖುಷಿಯಲ್ಲೇ ಚಾರ್ಜಿಂಗ್ ಜಾಗಗಳನ್ನು ತೋರಿಸುವ ಆ್ಯಪ್‌ ಒಂದರಲ್ಲಿ ಆ ಲಾಡ್ಜನ್ನು ಸೇರಿಸಿದೆ. "ಪವರ್ ಪ್ಲಗ್ ಇದೆ. ಉಚಿತ. ವಾಚ್‌ಮನ್ ತುಂಬಾ ಒಳ್ಳೆಯವರು" ಅಂತ ಬರೆದು ಫೋಟೋ ಕೂಡ ಹಾಕಿದೆ. ಪುಣ್ಯದ ಕೆಲಸ ಮಾಡಿದೆ ಅಂದುಕೊಂಡೆ. ಮುಂದಿನದ್ದು ಆಮೇಲೆ ಹೇಳ್ತೇನೆ.

ಪುಕ್ಕಟೆ ಅಂದ್ರೆ ನಿಧಾನ

ಮೊದಲು ಒಂದು ತಪ್ಪು ಕಲ್ಪನೆ ತೆಗೆಯೋಣ. ಪುಕ್ಕಟೆ ಚಾರ್ಜಿಂಗ್ ಅಂದಕೂಡಲೇ ಪೆಟ್ರೋಲ್ ಬಂಕಿನ ಹಾಗೆ ದೊಡ್ಡ ಮಷಿನ್ ಇರುವ ಜಾಗ ಕಣ್ಣಿಗೆ ಬರ್ತದೆ. ಅರ್ಧ, ಮುಕ್ಕಾಲು ಗಂಟೆಯಲ್ಲಿ ಕಾರು ತುಂಬಿಸುವ ಆ ಡಿಸಿ ಫಾಸ್ಟ್ ಚಾರ್ಜರ್ ಹಾಕಲು ಲಕ್ಷಗಟ್ಟಲೆ ಖರ್ಚು. ಹಾಕಿದವರು ಅದನ್ನ ವಾಪಸ್ ತೆಗೀಬೇಕು. ಅದು ಪುಕ್ಕಟೆ ಸಿಗೋದು ಕಂಪನಿ ಆಫರ್ ಇದ್ದಾಗ ಮಾತ್ರ.

ನಮ್ಮ ಕಡೆ ಪುಕ್ಕಟೆ ಸಿಗೋದು ಬಹುತೇಕ ಗೋಡೆಯ ಪ್ಲಗ್. ಗೀಸರ್, ಏಸಿಗೆ ಹಾಕುವ 16 ಆಂಪಿಯರಿನ ದೊಡ್ಡ ಸಾಕೆಟ್. ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರ್ ಅದರಿಂದ ಗಂಟೆಗೆ ಸುಮಾರು 3 ಯೂನಿಟ್ ಎಳೆಯುತ್ತದೆ. ಹೋಟೆಲ್, ಆಫೀಸುಗಳಲ್ಲಿ ಗೋಡೆಗೆ ಹಾಕಿರುವ ಎಸಿ ಚಾರ್ಜರ್ ಇದ್ದರೆ, ನಿಮ್ಮ ಕಾರೂ ತಗೊಳ್ಳುವ ಹಾಗಿದ್ದರೆ, ಗಂಟೆಗೆ 7 ಯೂನಿಟ್.

ಈಗ ಲೆಕ್ಕ ಹಾಕಿ. ದಾರಿಯಲ್ಲಿ ಖಾನಾವಳಿ ಮುಂದೆ ನಿಲ್ಲಿಸಿ ಒಂದು ಗಂಟೆ ಊಟ ಮಾಡಿದ್ರೆ ಪ್ಲಗ್ಗಿನಿಂದ ಸಿಗೋದು 3 ಯೂನಿಟ್, ಅಂದ್ರೆ 20 ಕಿ.ಮೀ. ಚಿಲ್ಲರೆ. ಪಟ್ಟದಕಲ್ಲಿನಲ್ಲಿ ಎರಡು ತಾಸು ಗುಡಿ ನೋಡಿ ಬರುವಷ್ಟರಲ್ಲಿ ಕಾರಿಗೆ 6 ಯೂನಿಟ್ ಬಿದ್ದರೂ ಸುಮಾರು 45 ಕಿ.ಮೀ. ಬಾದಾಮಿಯಿಂದ ಪಟ್ಟದಕಲ್ಲು 22 ಕಿ.ಮೀ. ಹೋಗಿ ಬಂದದ್ದಕ್ಕೆ ಅಲ್ಲಿಗೆ ಸರಿ. ಆದರೆ 17 ಯೂನಿಟ್ ತುಂಬಬೇಕು ಅಂದ್ರೆ ಆರು ತಾಸು ಬೇಕು.

ಹಂಗಾಗಿ ಪುಕ್ಕಟೆ ಚಾರ್ಜಿಂಗ್ ಕೆಲಸಕ್ಕೆ ಬರೋದು ಕಾರು ಹೇಗಿದ್ರೂ ನಿಂತಿರುವ ಕಡೆ ಮಾತ್ರ. ರಾತ್ರಿ ಮಲಗುವ ಲಾಡ್ಜು, ನೆಂಟರ ಮನೆ, ದಿನವಿಡೀ ಕೆಲಸ ಮಾಡುವ ಆಫೀಸು, ಮದುವೆಗೆ ಹೋದ ಕಲ್ಯಾಣ ಮಂಟಪ. ದಾರಿ ನಡುವೆ ಪುಕ್ಕಟೆ ಹುಡುಕ್ತಾ ಹೋದವರು ರೊಕ್ಕ ಉಳಿಸಿ ದಿನ ಕಳ್ಕೊಳ್ತಾರೆ. ನಾನು ಮಾಡೋದು ಇಷ್ಟೇ. ಹೊರಡುವಾಗ ಮನೆಯಲ್ಲಿ ತುಂಬಿಸೋದು, ಹಗಲು ದಾರಿಯಲ್ಲಿ ರೊಕ್ಕ ಕೊಟ್ಟು ಫಾಸ್ಟ್ ಚಾರ್ಜ್ ಮಾಡೋದು, ರಾತ್ರಿ ಮಲಗುವ ಕಡೆ ಪ್ಲಗ್ ನೋಡೋದು.

ಉಳಿಯೋದು ಎಷ್ಟು?

ನಾನು ಬಿ.ಕಾಂ. ಓದಿದವನು. ಇಂಜಿನಿಯರಿಂಗ್ ಗೊತ್ತಿಲ್ಲ, ಡೆಬಿಟ್ಟು ಕ್ರೆಡಿಟ್ಟು ಗೊತ್ತು. ಅದರಿಂದ ಹೇಳ್ತೇನೆ.

ಖಾಸಗಿ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ ಸಾಮಾನ್ಯವಾಗಿ 15ರಿಂದ 25 ರೂಪಾಯಿ ಇರ್ತದೆ. 20ರ ಲೆಕ್ಕ ಹಿಡಿಯಿರಿ. 17 ಯೂನಿಟ್ಟಿಗೆ 340 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ, 61 ರೂಪಾಯಿ. ಒಟ್ಟು 401.

ಇಲ್ಲಿ ಒಂದು ಮಜಾ ಇದೆ. ಮನೆಯ ಕರೆಂಟಿಗೆ ಜಿಎಸ್‌ಟಿ ಇಲ್ಲ, ಚಾರ್ಜಿಂಗಿಗೆ ಯಾಕೆ? ಈ ಪ್ರಶ್ನೆಯನ್ನು ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವೇ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರದ ಮುಂದೆ ಇಟ್ಟಿತ್ತು. 2023ರಲ್ಲಿ ಬಂದ ತೀರ್ಪು: ಕಾರ್ ಚಾರ್ಜ್ ಮಾಡಿಕೊಡೋದು ಕರೆಂಟ್ ಮಾರಾಟ ಅಲ್ಲ, ಅದು ಸೇವೆ, ಶೇ 18 ತೆರಿಗೆ ಕಟ್ಟಬೇಕು. ಅದಕ್ಕೂ ಮುಂಚೆ, 2018ರ ಏಪ್ರಿಲಿನಲ್ಲಿ, ಕೇಂದ್ರ ಇಂಧನ ಸಚಿವಾಲಯ ಇದೇ ಮಾತನ್ನು ಇನ್ನೊಂದು ಕಾರಣಕ್ಕೆ ಹೇಳಿತ್ತು. ಚಾರ್ಜಿಂಗ್ ಅನ್ನೋದು ಸೇವೆ, ಆದ್ದರಿಂದ ಅದಕ್ಕೆ 2003ರ ವಿದ್ಯುತ್ ಕಾಯ್ದೆಯ ಲೈಸೆನ್ಸ್ ಬೇಕಾಗಿಲ್ಲ ಅಂತ. ಒಂದೇ ಮಾತು, ಒಮ್ಮೆ ನಮಗೆ ಅನುಕೂಲ, ಇನ್ನೊಮ್ಮೆ ಜೇಬಿಗೆ ಕತ್ತರಿ.

ಇದನ್ನ ಯಾಕೆ ಹೇಳಿದೆ ಅಂದ್ರೆ, ಲಾಡ್ಜಿನವರು "ಚಾರ್ಜಿಗೆ ನೂರಾ ಐವತ್ತು ಕೊಡ್ರಿ" ಅಂದಾಗ ಕೆಲವರು "ಕರೆಂಟ್ ಮಾರೋಕೆ ನಿಮಗೆ ಲೈಸೆನ್ಸ್ ಐತೇನು?" ಅಂತ ಜೋರು ಮಾಡ್ತಾರೆ. ಅದು ತಪ್ಪು. ಆ ಲೈಸೆನ್ಸ್ ಬೇಕಾಗಿಲ್ಲ.

ಈಗ ಅದೇ 17 ಯೂನಿಟ್ಟನ್ನು ಲಾಡ್ಜಿನ ಪ್ಲಗ್ಗಿನಲ್ಲಿ ತುಂಬಿಸಿ. ಚಾರ್ಜ್ ಆಗುವಾಗ ಬಿಸಿಯಾಗಿ ಸ್ವಲ್ಪ ಕರೆಂಟ್ ಹಾಳಾಗ್ತದೆ, ಹಾಗಾಗಿ ಮೀಟರಿನಲ್ಲಿ ಓಡೋದು 19 ಯೂನಿಟ್. ವಾಣಿಜ್ಯ ದರ ಯೂನಿಟ್ಟಿಗೆ ಎಂಟು ರೂಪಾಯಿ ಅಂತ ಹಿಡಿದರೆ ಸುಮಾರು 150 ರೂಪಾಯಿ. ನನಗೆ ಉಳಿದದ್ದು 401, ಲಾಡ್ಜಿಗೆ ಹೋದದ್ದು 150. ನನ್ನ ಪುಸ್ತಕದಲ್ಲಿ ಸೊನ್ನೆ ಅಂತ ಬರೆದರೆ ಆಯ್ತಾ? ಇನ್ನೊಬ್ಬರ ಪುಸ್ತಕದಲ್ಲಿ 150 ಖರ್ಚು ಬಿದ್ದೇ ಬೀಳ್ತದೆ. ಪುಕ್ಕಟೆ ಜಾಗ ಸಿಕ್ಕಾಗ ನಾವು ಕೇಳಬೇಕಾದ ಪ್ರಶ್ನೆ ಇದೊಂದೇ: ಈ ಬಿಲ್ಲು ಯಾರು ಕಟ್ತಾರೆ, ಕಟ್ತಿರೋದು ಅವರಿಗೆ ಗೊತ್ತಿದೆಯಾ?

ಯಾರ್‍ಯಾರು ಕಟ್ತಾರೆ

ಮೊದಲನೇದು ಕಂಪನಿ. 2024ರಲ್ಲಿ ವಿಂಡ್ಸರ್ ಕಾರು ಬಿಡುಗಡೆ ಮಾಡಿದಾಗ ಎಂಜಿ ಕಂಪನಿ ಒಂದು ವರ್ಷ ಸಾರ್ವಜನಿಕ ಚಾರ್ಜಿಂಗ್ ಉಚಿತ ಅಂತ ಘೋಷಿಸಿತ್ತು. ಬೆಂಗಳೂರಿನ ಏಥರ್ ತನ್ನ ಸ್ಕೂಟರುಗಳಿಗೆ ಆರಂಭದ ವರ್ಷಗಳಲ್ಲಿ ತನ್ನ ಚಾರ್ಜಿಂಗ್ ಜಾಗಗಳನ್ನು ಪುಕ್ಕಟೆ ಬಿಟ್ಟಿತ್ತು. ಅಮೆರಿಕದಲ್ಲಿ ಟೆಸ್ಲಾ 2012ರಲ್ಲಿ ಸೂಪರ್‌ಚಾರ್ಜರ್ ಶುರು ಮಾಡಿದಾಗ ಮಾಡೆಲ್ ಎಸ್ ಕೊಂಡವರಿಗೆ ಚಾರ್ಜಿಂಗ್ ಉಚಿತ ಅಂದಿತು, ಗಿರಾಕಿ ಹೆಚ್ಚಾದ ಮೇಲೆ ಹೊಸಬರಿಗೆ ನಿಲ್ಲಿಸಿತು. ಬ್ರಿಟನ್ನಿನ ಟೆಸ್ಕೊ ಅಂಗಡಿಗಳಲ್ಲಿ ಸಾಮಾನು ತರಲು ಹೋದವರು ಪುಕ್ಕಟೆ ಚಾರ್ಜ್ ಮಾಡ್ತಿದ್ರು. 2022ರ ನವೆಂಬರಿನಲ್ಲಿ ಅಲ್ಲೂ ದರ ಬಂತು. ಈ ಜಾತಿಯ ಪುಕ್ಕಟೆ ಅಂದ್ರೆ ಹೊಸ ಅಂಗಡಿ ತೆರೆದಾಗ ಹಂಚುವ ಪೇಢೆ ಇದ್ದಂಗೆ. ಸಂಕೋಚ ಬೇಡ, ತಿನ್ನಿ. ಆದರೆ ಕಾರು ಕೊಳ್ಳುವ ಲೆಕ್ಕದಲ್ಲಿ ಅದನ್ನ ಐದು ವರ್ಷಕ್ಕೆ ಸೇರಿಸಬೇಡಿ. ಆಫರಿನ ಕೊನೆಯ ದಿನ, ಯಾವ ಆ್ಯಪ್‌ನಲ್ಲಿ, ತಿಂಗಳಿಗೆ ಎಷ್ಟು ಯೂನಿಟ್ ಮಿತಿ, ಇಷ್ಟು ಓದಿಕೊಳ್ಳಿ.

ಎರಡನೇದು ಹೋಟೆಲ್, ರೆಸಾರ್ಟ್, ಮಾಲ್, ಶೋರೂಮ್. ನೀವು ರೂಮಿಗೆ ಕೊಡುವ ಬಾಡಿಗೆಯಲ್ಲೇ ಕರೆಂಟಿನ ರೊಕ್ಕ ಕೂತಿರ್ತದೆ. "ಗೆಸ್ಟುಗಳಿಗೆ ಚಾರ್ಜಿಂಗ್ ಉಚಿತ" ಅಂತ ಅವರೇ ಬರೆದಿದ್ದರೆ ಚಿಂತೆಯಿಲ್ಲ, ಅದು ನಿಮ್ಮ ಹಕ್ಕು. ಕಾರಿನ ಶೋರೂಮುಗಳಲ್ಲೂ ಕೆಲವು ಕಡೆ ತಮ್ಮ ಕಂಪನಿಯ ಗಾಡಿಗೆ ಚಾರ್ಜ್ ಮಾಡಿಕೊಳ್ಳಲು ಬಿಡ್ತಾರೆ. ಫೋನ್ ಮಾಡಿ ಕೇಳಿ ಹೋಗಿ, ಭಾನುವಾರ ಮತ್ತು ರಾತ್ರಿ ಗೇಟ್ ಹಾಕಿರ್ತಾರೆ.

ಮೂರನೇದು ನೆಂಟರು. ಇಲ್ಲಿ ನಮ್ಮ ರಾಜ್ಯದ್ದೇ ಒಂದು ಗಂಟು ಇದೆ, ಗೃಹಜ್ಯೋತಿ.

ಹುಬ್ಬಳ್ಳಿಯಲ್ಲಿ ನಮ್ಮ ಅತ್ತಿ ಮನೆ ಇದೆ. ರಾತ್ರಿ ಚಾರ್ಜ್ ಹಾಕಿ ಬೆಳಿಗ್ಗೆ ರೊಕ್ಕ ಕೊಡೋಕೆ ಹೋದ್ರೆ ಬೈಗುಳ. "ಮನಿ ಮಗ ಆಗಿ ಕರೆಂಟಿನ ರೊಕ್ಕ ಕೊಡಾಕ ಬಂದೀಯೇನು? ನಮಗೇನ್ ಬಿಲ್ ಬರೂದಿಲ್ಲ ಬಿಡು, ಫ್ರೀ ಐತಿ."

ಫ್ರೀ ಹೌದು. ಆದರೆ ಗೃಹಜ್ಯೋತಿಯಲ್ಲಿ ಎಲ್ಲ ಮನೆಗೂ ನೇರವಾಗಿ 200 ಯೂನಿಟ್ ಇಲ್ಲ. ಆ ಮನೆಯ ಹಿಂದಿನ ಬಳಕೆಯ ಸರಾಸರಿ ತೆಗೆದು ಅದರ ಮೇಲೆ ಸ್ವಲ್ಪ ಸೇರಿಸಿ ಒಂದು ಮಿತಿ ಹಾಕಿರ್ತಾರೆ. ಉದಾಹರಣೆಗೆ ಮಿತಿ 70 ಯೂನಿಟ್, ಮನೆಯಲ್ಲಿ ಸುಡೋದು 62 ಅಂತ ಇಟ್ಟುಕೊಳ್ಳಿ. ಬಿಲ್ ಸೊನ್ನೆ. ನನ್ನ ಕಾರಿನ 19 ಯೂನಿಟ್ ಸೇರಿದರೆ 81 ಆಯ್ತು. ಮಿತಿ ದಾಟಿದ 11 ಯೂನಿಟ್ಟಿಗೆ ಅತ್ತಿ ರೊಕ್ಕ ಕಟ್ಟಬೇಕು. ಯೂನಿಟ್ಟಿಗೆ ಸುಮಾರು ಆರು ರೂಪಾಯಿ ಅಂದ್ರೂ ಹೆಚ್ಚೇನಿಲ್ಲ, 66 ರೂಪಾಯಿ. ಆದರೆ ದೊಡ್ಡ ಮನೆ, ಮೊದಲೇ 190 ಯೂನಿಟ್ ಸುಡುವ ಮನೆ ಇದ್ದರೆ? ನನ್ನ 19 ಸೇರಿ 209. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಒಂದು ರಾತ್ರಿ ಕಾರ್ ಹಚ್ಚಿದ್ದಕ್ಕೆ ಸಾವಿರಕ್ಕೂ ಹೆಚ್ಚು ರೂಪಾಯಿಯ ಬಿಲ್. ಅವರು ಹೇಳೋದೂ ಇಲ್ಲ, ನಮಗೆ ತಿಳಿಯೋದೂ ಇಲ್ಲ. ಅದಕ್ಕೆ ನೆಂಟರ ಮನೆಯಲ್ಲಿ ಪ್ಲಗ್ ಹಾಕುವ ಮುಂಚೆ ಹಿಂದಿನ ತಿಂಗಳ ಬಿಲ್ ಒಂದು ಸಲ ಕೇಳಿ ನೋಡಿ. ರೊಕ್ಕ ತಗೊಳ್ಳದಿದ್ರೆ ಮಕ್ಕಳ ಕೈಗೆ ಏನಾದ್ರೂ ಕೊಟ್ಟು ಬನ್ನಿ. ನಾನು ಅಮೀನಗಡದ ಕರದಂಟು ಒಯ್ಯುತ್ತೇನೆ, ದಾರಿಯಲ್ಲೇ ಸಿಗ್ತದೆ.

ನಾಲ್ಕನೇದು ಮುಟ್ಟಲೇಬಾರದ ಪ್ಲಗ್ಗುಗಳು. "ಹೊಲದ ಬೋರಿನ ಕರೆಂಟ್ ಪುಕ್ಕಟೆ ಐತಿ, ಬಂದು ಹಚ್ಚು" ಅಂತ ಗೆಳೆಯರು ಪ್ರೀತಿಯಿಂದ ಕರೀತಾರೆ. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಕರ್ನಾಟಕದಲ್ಲಿ ಕರೆಂಟ್ ಉಚಿತ. ಅದರ ರೊಕ್ಕ ಸರ್ಕಾರ ಕಟ್ಟೋದು ನೀರಿಗಾಗಿ, ನಮ್ಮ ಕಾರಿಗಾಗಿ ಅಲ್ಲ. ಒಂದು ಉದ್ದೇಶಕ್ಕೆ ಕೊಟ್ಟ ಸಂಪರ್ಕವನ್ನು ಇನ್ನೊಂದಕ್ಕೆ ಬಳಸಿದರೆ ವಿದ್ಯುತ್ ಕಾಯ್ದೆಯ ಸೆಕ್ಷನ್ 126 ಪ್ರಕಾರ ಎರಡು ಪಟ್ಟು ದರದ ಲೆಕ್ಕದಲ್ಲಿ ವಸೂಲಿ ಮಾಡಬಹುದು. ಮೀಟರ್ ಇರೋದು ರೈತನ ಹೆಸರಿನಲ್ಲಿ. ಹೆಸ್ಕಾಂನವರು ಬಂದರೆ ಸಿಕ್ಕಿ ಬೀಳೋದು ಆತ, ನಾವು ಅಷ್ಟೊತ್ತಿಗೆ ಚಿತ್ರದುರ್ಗ ದಾಟಿರ್ತೇವೆ. ಇನ್ನು ಬೀದಿ ದೀಪದ ಕಂಬ, ಬಸ್ ಸ್ಟ್ಯಾಂಡಿನ ಗೋಡೆ, ದವಾಖಾನೆಯ ವರಾಂಡ, ಇಲ್ಲೆಲ್ಲಾ ಕೇಳದೆ ಪ್ಲಗ್ ಹಾಕೋದು ಸುಮ್ಮನೆ ಕಳವು. ಅದಕ್ಕೆ ಸೆಕ್ಷನ್ 135 ಇದೆ.

ಹುಡುಕೋದು ಹೇಗೆ

ಹೊರಡುವ ಹಿಂದಿನ ದಿನ ಮೂರು ಕೆಲಸ ಮಾಡಿ.

ಒಂದು, ಆ್ಯಪ್‌. ಪ್ಲಗ್‌ಶೇರ್‌ನಲ್ಲಿ ಬಳಕೆದಾರರೇ ಜಾಗ ಸೇರಿಸ್ತಾರೆ, ಉಚಿತ ಇರುವವನ್ನು ಮಾತ್ರ ತೋರಿಸು ಅಂತ ಆರಿಸಬಹುದು, ಗೋಡೆಯ ಪ್ಲಗ್ಗುಗಳೂ ಅಲ್ಲಿ ಸಿಗ್ತಾವೆ. ಕೇಂದ್ರ ಸರ್ಕಾರದ ಇವಿ ಯಾತ್ರಾ ಆ್ಯಪ್‌ 2022ರ ಡಿಸೆಂಬರಿನಲ್ಲಿ ಬಂತು, ಬೆಸ್ಕಾಂನ ಇವಿ ಮಿತ್ರ ಇದೆ, ಗೂಗಲ್ ಮ್ಯಾಪ್ ಅಂತೂ ಇದ್ದೇ ಇದೆ. ಯಾವುದೇ ಆ್ಯಪ್‌ ಆದ್ರೂ ಜಾಗದ ಹೆಸರಿಗಿಂತ ಕೊನೆಯ ಕಾಮೆಂಟಿನ ತಾರೀಕು ನೋಡಿ. ಎರಡು ವರ್ಷದ ಹಿಂದೆ ಯಾರೋ "ಫ್ರೀ" ಅಂತ ಬರೆದದ್ದನ್ನು ನಂಬಿ ಹೋಗಬೇಡಿ. 2022ರ ಜನವರಿಯ ಕೇಂದ್ರ ಮಾರ್ಗಸೂಚಿಯಲ್ಲಿ ಹೆದ್ದಾರಿಯ ಎರಡೂ ಬದಿ ಪ್ರತಿ 25 ಕಿ.ಮೀ.ಗೆ ಒಂದು ಚಾರ್ಜಿಂಗ್ ಸ್ಟೇಷನ್ ಇರಬೇಕು ಅಂತ ಬರೆದಿತ್ತು. ಅದು ಗುರಿ. ಅದನ್ನ ನಂಬಿ ಶೇ 10ರವರೆಗೆ ಬ್ಯಾಟರಿ ಇಳಿಸಬೇಡಿ.

ಎರಡು, ಫೋನ್. ಬಾದಾಮಿ, ಐಹೊಳೆ, ಕೂಡಲಸಂಗಮ ಎಲ್ಲಿಗೇ ಹೋಗಲಿ, ರೂಮ್ ಬುಕ್ ಮಾಡುವ ಮುಂಚೆ ಕೇಳಿ. ರೊಕ್ಕ ಕೊಟ್ಟ ಮೇಲೆ ಕೇಳಿದರೆ "ನೋಡೋಣ ಬರ್ರಿ" ಅಂತಾರೆ. ಬುಕ್ ಮಾಡುವ ಮುಂಚೆ ಕೇಳಿದರೆ ಹೋಗಿ ಪ್ಲಗ್ ನೋಡಿ ಬಂದು ಹೇಳ್ತಾರೆ. "ಇವಿ ಚಾರ್ಜಿಂಗ್ ಇದೆಯಾ?" ಅಂತ ಕೇಳಿದ್ರೆ ಬಹಳ ಕಡೆ "ಇಲ್ಲ" ಅನ್ನೋ ಉತ್ತರ ಬರ್ತದೆ. "ಕಾರ್ ನಿಲ್ಲಿಸುವ ಜಾಗದ ಹತ್ತಿರ ಏಸಿ ಹಾಕೋ ದೊಡ್ಡ ಪ್ಲಗ್ ಐತೇನ್ರಿ?" ಅಂತ ಕೇಳಿ. ಅದಕ್ಕೆ ಉತ್ತರ ಹೌದು ಆಗಿರಬಹುದು.

ಮೂರು, ಮಾಲೀಕರ ಒಪ್ಪಿಗೆ. ಮ್ಯಾನೇಜರೂ ಸಾಲದು, ವಾಚ್‌ಮನ್ನಂತೂ ಅಲ್ಲವೇ ಅಲ್ಲ. ಬಿಲ್ ಕಟ್ಟುವವರು ಯಾರೋ ಅವರೇ ಹೂಂ ಅನ್ನಬೇಕು. ರೊಕ್ಕದ ಮಾತು ನೀವೇ ಮೊದಲು ತೆಗೀರಿ: "ಸುಮಾರು 20 ಯೂನಿಟ್ ಆಗ್ತದೆ, ಎಷ್ಟು ಕೊಡಲಿ?" ಅಂತ. ಕಾರ್ ಎಷ್ಟು ಕರೆಂಟ್ ತಿಂತದೆ ಅಂತ ಬಹಳ ಮಂದಿಗೆ ಗೊತ್ತಿರೋದಿಲ್ಲ. ಕೆಲವರಿಗೆ ಮೊಬೈಲ್ ಚಾರ್ಜ್ ಇದ್ದಂಗೆ ಅನ್ನಿಸ್ತದೆ, ಇನ್ನು ಕೆಲವರು ಇಡೀ ಲಾಡ್ಜಿನ ಬಿಲ್ ನೀನೇ ಮಾಡ್ತೀಯ ಅಂತ ಹೆದರ್ತಾರೆ. ಲೆಕ್ಕ ಹೇಳಿದ ಮೇಲೆ ಪುಕ್ಕಟೆ ಕೊಟ್ಟರೆ ಅದು ನಿಜವಾದ ಪುಕ್ಕಟೆ.

ಪ್ಲಗ್ ಹಾಕುವ ಮುಂಚೆ

ಇದನ್ನ ಬಿಟ್ಟರೆ ಉಳಿದ ಮಾತೆಲ್ಲ ವ್ಯರ್ಥ. ಮನೆಯ ಪ್ಲಗ್ಗಿನಲ್ಲಿ ಗೀಸರ್ ಅರ್ಧ ಗಂಟೆ ಓಡ್ತದೆ. ಕಾರು ಆರು ತಾಸು ಒಂದೇ ಸಮ ಎಳೀತದೆ. ಹಳೇ ವೈರು, ಸಡಿಲ ಸಾಕೆಟ್ ಇದ್ದರೆ ಕರಗ್ತದೆ, ಬೆಂಕಿಯೂ ಹತ್ತಬಹುದು. ಟಿವಿಗೆ ಹಾಕುವ ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಚಾರ್ಜ್ ಹಾಕಿ ಅರ್ಧ ಗಂಟೆ ಬಿಟ್ಟು ಪ್ಲಗ್ಗಿನ ಮೇಲ್ಭಾಗ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡೋಕೆ ಆಗದಷ್ಟು ಬಿಸಿ ಇದ್ದರೆ ಸ್ವಿಚ್ ಆಫ್ ಮಾಡಿ ತೆಗೆಯಿರಿ. ಕಾರಿನಲ್ಲಿ ಆಂಪಿಯರ್ ಇಳಿಸುವ ಸೌಲಭ್ಯ ಇದ್ದರೆ ಇಳಿಸಿ. ರಾತ್ರಿ ಹೇಗೂ ಸಮಯ ಇರ್ತದೆ.

ಇನ್ನೊಂದು ಅರ್ಥಿಂಗ್. ಬಾದಾಮಿಯಲ್ಲಿ ಒಬ್ಬರ ಮನೆಯಲ್ಲಿ ಬಾಡಿಗೆಗೆ ಉಳಿದಿದ್ದೆ. ಏಪ್ರಿಲ್ ಬಿಸಿಲು, ನೆಲ ಬಿರುಕು ಬಿಟ್ಟಿತ್ತು. ಪ್ಲಗ್ ಹಾಕಿದರೆ ಚಾರ್ಜರಿನಲ್ಲಿ ಕೆಂಪು ದೀಪ, ಕರೆಂಟ್ ತಗೊಳ್ಳೋದೇ ಇಲ್ಲ. ಮನೆಯ ಯಜಮಾನ್ರು ಬಂದು ನೋಡಿದ್ರು. "ಅರ್ಥಿಂಗ್ ಒಣಗೇತ್ರಿ ಅದು" ಅಂದು, ಉಪ್ಪು ಇದ್ದಲಿ ಹಾಕಿ ಮುಚ್ಚಿದ ಅರ್ಥಿಂಗ್ ಕುಣಿಗೆ ಎರಡು ಕೊಡ ನೀರು ಹೊಯ್ದರು. ಹತ್ತು ನಿಮಿಷ ಬಿಟ್ಟು ಹಾಕಿದೆ, ಹಸಿರು ದೀಪ ಬಂತು. ಒಣ ಮಣ್ಣಿನಲ್ಲಿ ಕರೆಂಟ್ ಭೂಮಿಗೆ ಇಳಿಯೋದಿಲ್ಲ, ಅದಕ್ಕೆ ಚಾರ್ಜರ್ ತಾನಾಗಿ ನಿಲ್ಲಿಸ್ತದೆ. ನಮ್ಮ ಜೀವ ಉಳಿಸೋಕೆ ಇರುವ ಬೇಲಿ ಅದು. ಕೆಲವರು ಆ ಬೇಲಿ ತಪ್ಪಿಸೋಕೆ ಅರ್ಥಿಂಗ್ ಪಿನ್ನಿಗೂ ನ್ಯೂಟ್ರಲ್ಲಿಗೂ ವೈರ್ ಜೋಡಿಸ್ತಾರೆ. ಯಾವತ್ತೂ ಮಾಡಬೇಡಿ. ನ್ಯೂಟ್ರಲ್ ಎಲ್ಲೋ ಕಡಿದರೆ ಕಾರಿನ ಮೈಗೇ ಕರೆಂಟ್ ಬರ್ತದೆ.

ಆ ಲಾಡ್ಜಿಗೆ ಮತ್ತೆ ಹೋದಾಗ

ಈಗ ಬಾಕಿ ಉಳಿದ ಕಥೆ.

ಎರಡು ತಿಂಗಳ ನಂತರ ಮತ್ತೆ ಬೆಂಗಳೂರಿಗೆ ಹೊರಟಿದ್ದೆ. ಅದೇ ಲಾಡ್ಜು, ಅದೇ ಕಾಕಾ. ಈ ಸಲ ನನ್ನ ಕಾರ್ ನೋಡಿದ ಕೂಡಲೇ ಮುಖ ಸಣ್ಣಗಾಯ್ತು.

"ತಮ್ಮಾ, ಕಾರಿಗೆ ಕರೆಂಟ್ ಹಚ್ಚೂದು ಬಂದ್ ಮಾಡ್ಯಾರ."

"ಯಾಕ ಕಾಕಾ, ಏನಾತು?"

ಹೇಳೋಕೆ ಅವರಿಗೆ ಇಷ್ಟ ಇರಲಿಲ್ಲ. ಚಹಾ ತರಿಸಿ ಕೂತ ಮೇಲೆ ಹೇಳಿದರು. ನಾನು ಹೋದ ಮೇಲೆ ಎರಡು ದಿನಕ್ಕೊಂದು, ಮೂರು ದಿನಕ್ಕೊಂದು ಕಾರು ಬರೋಕೆ ಶುರುವಾಯ್ತಂತೆ. ಕೆಲವರು ರೂಮು ಕೂಡ ತಗೊಳ್ಳದೆ, ಮೊಬೈಲಿನಲ್ಲಿ ಫೋಟೋ ತೋರಿಸಿ, "ಇಲ್ಲಿ ಫ್ರೀ ಅಂತ ಬರದಾರಲ್ಲ" ಅಂತ ಪ್ಲಗ್ ಹಾಕಿ ಕಾರಿನಲ್ಲೇ ಮಲಗ್ತಿದ್ರಂತೆ. ಕಾಕಾಗೆ ಇಲ್ಲ ಅನ್ನೋಕೆ ಬರಲಿಲ್ಲ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಹೆಂಗ ಇಲ್ಲ ಅನ್ನೂದು? ತಿಂಗಳ ಬಿಲ್ ಬಂದಾಗ ಮಾಲೀಕರು ಕೇಳಿದ್ರು. ಹತ್ತು ಹನ್ನೆರಡು ಕಾರು ಅಂದ್ರೆ 200 ಯೂನಿಟ್ ಮೇಲಾಯ್ತು, ಒಂದೂವರೆ, ಎರಡು ಸಾವಿರ ರೂಪಾಯಿ. ಕಾಕಾನೇ ರೊಕ್ಕ ಇಸ್ಕೊಂಡು ಕರೆಂಟ್ ಕೊಟ್ಟಿದ್ದಾನೆ ಅಂತ ಅವರ ಅನುಮಾನ. ಪಗಾರದಲ್ಲಿ ಒಂದೂವರೆ ಸಾವಿರ ಹಿಡಿದುಬಿಟ್ಟರು.

ನಾನು ಕೊಟ್ಟ ಐವತ್ತನ್ನೂ ಮುಟ್ಟದ ಮನುಷ್ಯ.

ನಾನೇ ಬರೆದದ್ದು ಅಂತ ಹೇಳಿದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನೀ ಛಲೋ ಮನಸಿಲೆ ಬರದಿ. ಆದರ ನನಗ ಒಂದ್ ಮಾತ್ ಕೇಳಬೇಕಿತ್ತು" ಅಂದರು. ಅಷ್ಟೇ.

ಮರುದಿನ ಮಾಲೀಕರು ಬರುವವರೆಗೆ ಕಾದೆ. ಆ್ಯಪ್‌ನಲ್ಲಿ ನಾನು ಬರೆದದ್ದನ್ನು ಅವರಿಗೇ ತೋರಿಸಿದೆ, ತಾರೀಕು ಸಮೇತ. ಕಾಕಾ ಒಂದು ರೂಪಾಯಿ ತಗೊಂಡಿಲ್ಲ, ತಪ್ಪು ನಂದು ಅಂದೆ. ಹಿಡಿದ ಪಗಾರ ಅವರಿಗೆ ಕೊಡ್ರಿ, ಆ ಒಂದೂವರೆ ಸಾವಿರ ನಾನು ಕೊಡ್ತೇನೆ ಅಂದೆ. ಮಾಲೀಕರು ಮೊದಲು ನನ್ನ ಮೇಲೆ ರೇಗಿದರು, ರೇಗಲೇಬೇಕು. ಆಮೇಲೆ ಕೂತು ಯೂನಿಟ್ ಲೆಕ್ಕ ಕೇಳಿದರು. ಒಂದು ಕಾಗದದ ಮೇಲೆ ಬರೆದು ತೋರಿಸಿದೆ: 19 ಯೂನಿಟ್, 150 ರೂಪಾಯಿ ಖರ್ಚು, 250 ಇಟ್ಟರೆ ನಿಮಗೆ ನೂರು ಉಳೀತದೆ, ಫಾಸ್ಟ್ ಚಾರ್ಜರಿನ 400ಕ್ಕಿಂತ ಕಮ್ಮಿ ಅಂತ ಬರುವವರಿಗೂ ಲಾಭ. ಒಳ್ಳೆ ವೈರ್ ಹಾಕಿಸಿ, ಬೇರೆ ಎಂಸಿಬಿ ಹಾಕಿಸಿ, ಸಣ್ಣ ಮೀಟರ್ ಒಂದು ಕೂಡಿಸಿ ಅಂದೆ.

ಅರ್ಧ ರೊಕ್ಕ ನನ್ನಿಂದ ತಗೊಂಡರು, ಅರ್ಧ ಬಿಟ್ಟರು. ಕಾಕಾನ ಪಗಾರ ಪೂರ್ತಿ ಕೊಟ್ಟರು, ನನ್ನ ಎದುರಿಗೇ. ಆ್ಯಪ್‌ನಲ್ಲಿ "ಉಚಿತ" ಅನ್ನೋದನ್ನು ತೆಗೆದೆ. ಫೋಟೋ ತೆಗೆದೆ, ವಾಚ್‌ಮನ್ ಬಗ್ಗೆ ಬರೆದ ಸಾಲೂ ತೆಗೆದೆ. ಕಳೆದ ತಿಂಗಳು ಹೋದಾಗ ಗೇಟಿನ ಹತ್ತಿರ ಬೋರ್ಡ್ ಇತ್ತು: "ಕಾರ್ ಚಾರ್ಜಿಂಗ್ ₹250, ರೂಮ್ ತಗೊಂಡವರಿಗೆ ₹150. ಕೌಂಟರಿನಲ್ಲಿ ಕೇಳಿ." ನಾನು 150 ಕೊಟ್ಟೆ, ರಸೀದಿ ತಗೊಂಡೆ.

ಒಂದು ಪುಕ್ಕಟೆ ಜಾಗ ಹೋಯ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಅದು ಯಾವತ್ತೂ ಪುಕ್ಕಟೆ ಇರಲೇ ಇಲ್ಲ. ಈಗ ಅಲ್ಲಿ ದರ ಇದೆ, ಒಳ್ಳೆ ಪ್ಲಗ್ ಇದೆ, ಮುಂದಿನ ವರ್ಷವೂ ಇರ್ತದೆ.

ಅದಕ್ಕೆ ಪಟ್ಟಿ ಕೊಡೋದಿಲ್ಲ ಅಂದೆ. ನಿಮಗೆ ಎಲ್ಲಾದ್ರೂ ಪುಕ್ಕಟೆ ಚಾರ್ಜ್ ಸಿಕ್ಕರೆ ಆ್ಯಪ್‌ಗೆ ಹಾಕುವ ಮುಂಚೆ ಆ ಜಾಗದ ಮಾಲೀಕರನ್ನು ಕೇಳಿ: "ನಿಮ್ಮ ಹೆಸರು ಹಾಕಲಾ? ಎಲ್ಲರಿಗೂ ಉಚಿತಾನಾ, ನನಗೊಬ್ಬನಿಗೆ ಕೊಟ್ಟದ್ದಾ?" ಒಬ್ಬರಿಗೆ ಪ್ರೀತಿಯಿಂದ ಕೊಟ್ಟದ್ದನ್ನು ಊರಿಗೆಲ್ಲ ಹಂಚುವ ಅಧಿಕಾರ ನಮಗಿಲ್ಲ.

ಮುಂದಿನ ಸಂಚಿಕೆಯಲ್ಲಿ ಹಳ್ಳಿ ಮನೆಯಲ್ಲಿ ಕಾರಿಗಂತ ಬೇರೆ ಮೀಟರ್ ಹಾಕಿಸಬೇಕಾ, ಸೋಲಾರ್ ಹಾಕಿಸಿದರೆ ಎಷ್ಟು ವರ್ಷಕ್ಕೆ ರೊಕ್ಕ ವಾಪಸ್ ಬರ್ತದೆ ಅನ್ನೋ ಲೆಕ್ಕ ಮಾಡೋಣ. ನಿಮ್ಮ ಮನೆಯ ಒಂದು ತಿಂಗಳ ಬಿಲ್ ಹುಡುಕಿ ಇಟ್ಟುಕೊಳ್ಳಿ, ಕೇಳ್ತಾ ಕೇಳ್ತಾ ನೀವೂ ಲೆಕ್ಕ ಹಾಕಬಹುದು. ಅಲ್ಲಿವರೆಗೆ, ಹುಷಾರಾಗಿ ಓಡಿಸ್ರಿ. ನಮಸ್ಕಾರ.